ಗೇರ್‌ಬಾಕ್ಸ್ ಇಳಿಸಿದ ಕಾರನ್ನ ಸಾಗಿಸೋದು ಹೇಗೆ?

ನಮ್ಮ ಸಿಲಬಸ್‌ನಲ್ಲಿ ಗೇರ್‌ಬಾಕ್ಸ್‌ಗೆ ಕಡಿಮೆ ಮರ್ಯಾದೆ ಏನಿಲ್ಲ. ಗೇರ್ ರೇಷಿಯೋ ಲೆಕ್ಕ ಹಾಕ್ತೀವಿ, ಸಿಂಕ್ರೋಮೆಷ್ ಚಿತ್ರ ಬರೀತೀವಿ, ವೈವಾದಲ್ಲಿ ಟಾರ್ಕ್ ಬಗ್ಗೆ ಬಾಯಿಪಾಠ ಒಪ್ಪಿಸ್ತೀವಿ. ಆದರೆ ಗೇರ್‌ಬಾಕ್ಸ್ ಬಿಚ್ಚಿ ಕೆಳಗಿಟ್ಟ ಮೇಲೆ ಉಳಿದ ಕಾರಿನ ಗತಿ ಏನು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲ್ಲ. ಈ ಲೇಖನ ಅದರ ಬಗ್ಗೆ.

ಇದು ಯಾರಿಗೆ ಬೇಕು ಅಂತ ಅನ್ನಿಸಬಹುದು. ನಮ್ಮ ಮೂಡಲಪಾಳ್ಯದ ಕಡೆ ಒಂದು ಸುತ್ತು ಬನ್ನಿ. ಹೆಸರಲ್ಲಿ ಮೂಡಲ ಇದ್ದರೂ ಇದು ಇರೋದು ಬೆಂಗಳೂರಿನ ಪಡುವಣಕ್ಕೆ. ಇಲ್ಲಿನ ಸಣ್ಣ ಗ್ಯಾರೇಜುಗಳಲ್ಲಿ ಬಾನೆಟ್ ತೆಗೆದು ಮುಖ ಎತ್ತಿ ನಿಂತಿರೋ ಕಾರುಗಳು ಕಾಣುತ್ತವೆ. ಕೇಳಿದರೆ "ಗೇರ್‌ಬಾಕ್ಸ್ ಇಳಿಸಿದೀವಿ ಸಾರ್, ಪಾರ್ಟ್ಸ್ ಬರಬೇಕು" ಅಂತಾರೆ. ಪಾರ್ಟ್ಸ್ ಬರೋದು ತಡವಾದಾಗ, ಜಾಗ ಖಾಲಿ ಮಾಡಬೇಕಾದಾಗ, ಅಥವಾ ಓನರ್ ಬೇರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು ಅಂದಾಗ ಆ ಅರ್ಧ ಬಿಚ್ಚಿದ ಕಾರು ರಸ್ತೆಗೆ ಬರಲೇಬೇಕು. ನಮ್ಮ ಕಾಲೇಜುಗಳ ಕಥೆಯೂ ಅದೇ. ಫೈನಲ್ ಇಯರ್ ಪ್ರಾಜೆಕ್ಟಿಗೆ ಅಂತ ಹಳೇ ಮಾರುತಿ 800 ತಗೊಂಡು ಎಲೆಕ್ಟ್ರಿಕ್ ಮಾಡ್ತೀವಿ ಅನ್ನೋ ಟೀಮುಗಳಿಗೆ ಕಾರನ್ನ ವರ್ಕ್‌ಶಾಪಿಗೆ ತರೋದೇ ಮೊದಲ ಪರೀಕ್ಷೆ. ಆಗ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಗೇರ್‌ಬಾಕ್ಸೇ ಇಲ್ವಲ್ಲ ಮಗಾ, ಹಾಳಾಗೋಕೆ ಏನಿದೆ? ಒಂದು ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ."

ಈ ಮಾತಲ್ಲಿ ಅರ್ಧ ಸತ್ಯ ಇದೆ. ಆಟೋಮ್ಯಾಟಿಕ್ ಕಾರನ್ನ ಡ್ರೈವ್ ಚಕ್ರಗಳ ಮೇಲೆ ಎಳೆಯಬಾರದು ಅಂತ ಕೇಳಿರ್ತೀರ. ಎಂಜಿನ್ ಆಫ್ ಆಗಿದ್ದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ತಿರುಗಲ್ಲ, ಒಳಗಿನ ಭಾಗಗಳು ಎಣ್ಣೆ ಇಲ್ಲದೆ ಉಜ್ಜಿಕೊಂಡು ಹಾಳಾಗುತ್ತವೆ. ಗೇರ್‌ಬಾಕ್ಸೇ ಇಲ್ಲ ಅಂದ್ರೆ ಆ ಭಯವೂ ಇಲ್ಲ, ನಿಜ. ಆದರೆ ಗೇರ್‌ಬಾಕ್ಸ್ ಬರೀ ವೇಗ ಬದಲಾಯಿಸೋ ಪೆಟ್ಟಿಗೆ ಅಲ್ಲ. ಅದು ಇನ್ನೂ ಮೂರು ಕೆಲಸ ಸದ್ದಿಲ್ಲದೆ ಮಾಡ್ತಿರುತ್ತೆ:

1. ನಿಂತ ಕಾರು ಉರುಳದ ಹಾಗೆ ಹಿಡಿಯೋದು.
2. ಎಂಜಿನ್‌ನ ಒಂದು ಬದಿಯ ಭಾರ ಹೊರೋದು.
3. ಚಕ್ರಗಳಿಗೆ ಹೋಗೋ ಆಕ್ಸಲ್‌ಗಳ ಒಳತುದಿ ಹಿಡಿದುಕೊಳ್ಳೋದು.

ಗೇರ್‌ಬಾಕ್ಸ್ ಇಳಿಸಿದ ಕ್ಷಣ ಈ ಮೂರೂ ಕೆಲಸಕ್ಕೆ ಆಳಿಲ್ಲ. ಸುರಕ್ಷಿತವಾಗಿ ಸಾಗಿಸೋದು ಅಂದ್ರೆ ಇಷ್ಟೇ: ಈ ಮೂರೂ ಕೆಲಸವನ್ನ ಬೇರೆ ಯಾರಿಗಾದರೂ ವಹಿಸಿ, ಆಮೇಲೆ ಕಾರನ್ನ ಮುಟ್ಟೋದು. ಒಂದೊಂದಾಗಿ ನೋಡೋಣ.

ಮೊದಲನೇ ಕೆಲಸ: ಉರುಳದ ಹಾಗೆ ಹಿಡಿಯೋದು

ಇಳಿಜಾರಲ್ಲಿ ಕಾರು ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದು, ಜೊತೆಗೆ ಫಸ್ಟ್ ಗೇರ್ ಹಾಕಿ ಬಿಡ್ತಾರೆ. ಚಕ್ರ ಉರುಳಬೇಕಾದರೆ ಗೇರ್ ಮೂಲಕ ಎಂಜಿನ್ನನ್ನೂ ತಿರುಗಿಸಬೇಕು, ಸಿಲಿಂಡರಿನೊಳಗಿನ ಕಂಪ್ರೆಷನ್ ಅದಕ್ಕೆ ಬಿಡಲ್ಲ. ಆಟೋಮ್ಯಾಟಿಕ್ ಕಾರಲ್ಲಿ 'ಪಿ' ಹಾಕ್ತೀವಲ್ಲ, ಅದರ ಕೊಂಡಿ ಇರೋದೂ ಗೇರ್‌ಬಾಕ್ಸಿನ ಒಳಗೇ. ಗೇರ್‌ಬಾಕ್ಸ್ ಇಳಿಸಿದರೆ ಎರಡೂ ಹೋದವು. ಉಳಿದಿದ್ದು ಹ್ಯಾಂಡ್ ಬ್ರೇಕ್ ಒಂದೇ. ತಿಂಗಳುಗಟ್ಟಲೆ ನಿಂತ ಹಳೇ ಕಾರಿನ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಆಗಿರಬಹುದು, ಇಲ್ಲವೇ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿರಬಹುದು. ಎರಡನ್ನೂ ಮೊದಲೇ ನೋಡಬೇಕು.

"ಸ್ವಲ್ಪ ಇಳಿಜಾರು ತಾನೇ" ಅನ್ನೋರಿಗೆ ಒಂದು ಸಣ್ಣ ಲೆಕ್ಕ. ಮಾರುತಿ 800 ತೂಕ ಸುಮಾರು 650 ಕೆ.ಜಿ. ಗೇರ್‌ಬಾಕ್ಸ್ ಮತ್ತು ಕೆಲವು ಭಾಗ ಬಿಚ್ಚಿದೀವಿ, ಲೆಕ್ಕ ಸುಲಭ ಆಗಲಿ ಅಂತ 600 ಕೆ.ಜಿ. ಅಂದುಕೊಳ್ಳೋಣ. ಗುರುತ್ವ 10. ರಸ್ತೆ 20 ಮೀಟರಿಗೆ 1 ಮೀಟರ್ ಇಳಿಯುತ್ತೆ, ಅಂದ್ರೆ 5 ಪರ್ಸೆಂಟ್. ಕಣ್ಣಿಗೆ ಇದು ದೊಡ್ಡ ಇಳಿಜಾರು ಅಂತ ಅನ್ನಿಸೋದೇ ಇಲ್ಲ.

ಕೆಳಕ್ಕೆ ಎಳೆಯೋ ಬಲ: 600 × 10 × 0.05 = 300 ನ್ಯೂಟನ್.
ಟೈರು ಉರುಳುವಾಗಿನ ತಡೆ, ಗುಣಾಂಕ 0.015 ಅಂದುಕೊಂಡರೆ: 600 × 10 × 0.015 = 90 ನ್ಯೂಟನ್.
ಉಳಿದ ಬಲ 210 ನ್ಯೂಟನ್. ವೇಗೋತ್ಕರ್ಷ 210 ÷ 600 = 0.35 ಮೀ/ಸೆ².

ಹತ್ತು ಸೆಕೆಂಡಲ್ಲಿ ಕಾರು 17 ಮೀಟರ್ ಹೋಗಿರುತ್ತೆ, ವೇಗ ಗಂಟೆಗೆ 12 ಕಿ.ಮೀ. ದಾಟಿರುತ್ತೆ. ಮೊದಲ ಎರಡು ಸೆಕೆಂಡಲ್ಲಿ ಅದು ಹೋಗಿರೋದು ಒಂದು ಮೀಟರಿಗಿಂತ ಕಡಿಮೆ, ಅದಕ್ಕೇ ಯಾರೂ ಗಮನಿಸಿರಲ್ಲ. ಗಮನಿಸಿದಾಗ ಮುಂದೆ ಹೋಗಿ ಕೈಯಿಂದ ತಡೆಯೋಕೆ ನೋಡ್ತಾರೆ. ದಯವಿಟ್ಟು ಅದನ್ನ ಮಾಡಬೇಡಿ. 600 ಕೆ.ಜಿ. ಗಾಡಿ ಮತ್ತು ಗೋಡೆ ಮಧ್ಯೆ ಸಿಕ್ಕಿಬಿದ್ದರೆ ಯಾವ ಜಿಮ್ ಬಾಡಿಯೂ ಉಳಿಯಲ್ಲ. ನಮ್ಮ ಗಲ್ಲಿಗಳಲ್ಲಿ ಸಂಜೆ ಹೊತ್ತು ಮಕ್ಕಳು ಆಡ್ತಾ ಇರ್ತಾರೆ ಅನ್ನೋದೂ ನೆನಪಿರಲಿ.

ಪರಿಹಾರ ಸರಳ. ಕಾರು ಎಲ್ಲೇ ನಿಲ್ಲಲಿ, ಚಕ್ರಕ್ಕೆ ಕಲ್ಲು ಕೊಡಿ. ಒಂದು ಚಕ್ರಕ್ಕೆ ಅಲ್ಲ, ಎರಡಕ್ಕೆ. ಒಂದೇ ಕಡೆಗೆ ಅಲ್ಲ, ಹಿಂದೆ ಮುಂದೆ ಎರಡೂ ಕಡೆಗೆ. ದುಂಡಗಿರೋ ಕಲ್ಲು ಬೇಡ, ಅದು ಉರುಳುತ್ತೆ. ಬೆಣೆ ಆಕಾರದ ಮರದ ತುಂಡು ಒಳ್ಳೇದು. ಮತ್ತೊಂದು ವಿಷಯ: ಮುಂದಿನ ಚಕ್ರ ಜಾಕಿ ಮೇಲಿದ್ದರೆ ಕಲ್ಲು ನೆಲದ ಮೇಲಿರೋ ಹಿಂದಿನ ಚಕ್ರಕ್ಕೆ.

ಎರಡನೇ ಕೆಲಸ: ಎಂಜಿನ್ ಹೊರೋದು

ಮಾರುತಿ 800, ಆಲ್ಟೋ, ಸ್ವಿಫ್ಟ್, ಸ್ಯಾಂಟ್ರೋ ಇವೆಲ್ಲ ಮುಂದಿನ ಚಕ್ರಕ್ಕೆ ಶಕ್ತಿ ಕೊಡೋ ಕಾರುಗಳು. ಇವುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತೆ, ಅದರ ಪಕ್ಕಕ್ಕೆ ಗೇರ್‌ಬಾಕ್ಸ್ ಬೋಲ್ಟ್ ಆಗಿರುತ್ತೆ. ಎರಡೂ ಸೇರಿ ಒಂದೇ ಗಟ್ಟಿ. ಈ ಗಟ್ಟಿಯನ್ನ ಬಾಡಿಗೆ ಹಿಡಿದಿಡೋದು ರಬ್ಬರ್ ಇರೋ ಮೌಂಟಿಂಗ್‌ಗಳು. ಅವುಗಳಲ್ಲಿ ಒಂದಾದರೂ ಗೇರ್‌ಬಾಕ್ಸಿಗೇ ಬೋಲ್ಟ್ ಆಗಿರುತ್ತೆ.

ಒಂದು ಹಲಗೆಯನ್ನ ಎರಡು ತುದಿಯಲ್ಲಿ ಇಬ್ಬರು ಹಿಡಿದಿದ್ದಾರೆ, ಒಬ್ಬರು ಬಿಟ್ಟು ಹೋದರು ಅಂದ್ಕೊಳ್ಳಿ. ಎಂಜಿನ್‌ಗೆ ಆಗೋದೂ ಅದೇ. ಗೇರ್‌ಬಾಕ್ಸ್ ಇದ್ದ ಬದಿ ಕೆಳಗೆ ಜೋತುಬೀಳುತ್ತೆ. ಉಳಿದ ಮೌಂಟಿಂಗ್‌ನ ರಬ್ಬರ್ ತಿರುಚಿಕೊಳ್ಳುತ್ತೆ, ಸೈಲೆನ್ಸರ್ ಪೈಪಿನ ಜಾಯಿಂಟ್ ಮೇಲೆ ಭಾರ ಬೀಳುತ್ತೆ, ರೇಡಿಯೇಟರ್ ಹೋಸ್ ಎಳೆದುಕೊಳ್ಳುತ್ತೆ. ಗ್ಯಾರೇಜಲ್ಲಿ ನಿಂತಿರುವಾಗ ಮೆಕ್ಯಾನಿಕ್ ಕೆಳಗೆ ಜಾಕಿ ಕೊಟ್ಟಿರ್ತಾರೆ, ಹಾಗಾಗಿ ಏನೂ ಕಾಣಲ್ಲ. ಸಾಗಿಸೋಕೆ ಅಂತ ಜಾಕಿ ತೆಗೆದು ಗಾಡಿಗೆ ಹತ್ತಿಸಿ, ನಮ್ಮೂರ ಹಂಪ್‌ಗಳ ಮೇಲೆ ಕುಣಿಸಿದಾಗ ಕಾಣುತ್ತೆ. ಪ್ರತಿ ಹಂಪಿಗೂ ಎಂಜಿನ್ ಒಂದು ಸಲ ಮೇಲೆದ್ದು ಬೀಳುತ್ತೆ.

ಇದಕ್ಕೆ ಎರಡು ದಾರಿ. ಒಂದು, ಮೇಲಿಂದ ತೂಗುಹಾಕೋದು. ಬಾನೆಟ್ ತೆಗೆದು, ಎರಡೂ ಕಡೆಯ ಫೆಂಡರ್ ಒಳಗಿನ ಗಟ್ಟಿ ಅಂಚಿನ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪ್ ಇಟ್ಟು, ಎಂಜಿನ್ ಎತ್ತೋಕೆ ಅಂತಲೇ ಕಂಪನಿ ಕೊಟ್ಟಿರೋ ಕೊಕ್ಕೆಗೆ ಚೈನ್ ಹಾಕಿ ಬಿಗಿಯೋದು. ಪೈಪ್ ಜಾರದ ಹಾಗೆ ಅದನ್ನೂ ಎರಡು ತುದಿಯಲ್ಲಿ ಕಟ್ಟಬೇಕು. ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತೆ. ಎರಡು, ಕೆಳಗಿಂದ ಆಸರೆ ಕೊಡೋದು. ಎಂಜಿನ್ ಬ್ಲಾಕ್ ಮತ್ತು ಕ್ರಾಸ್ ಮೆಂಬರ್ ಮಧ್ಯೆ ಮರದ ತುಂಡು ಇಟ್ಟು, ಅದು ಕದಲದ ಹಾಗೆ ಕಟ್ಟೋದು. ಸಾಧ್ಯವಾದರೆ ಮೊದಲನೆಯದೇ ಉತ್ತಮ.

ಕೆಳಗಿಂದ ಆಸರೆ ಕೊಡುವಾಗ ಒಂದು ಎಚ್ಚರಿಕೆ. ಮರದ ತುಂಡು ಆಯಿಲ್ ಚೇಂಬರ್ ಮೇಲೆ ಬರಬಾರದು. ತುಂಬಾ ಕಾರುಗಳಲ್ಲಿ ಅದು ತೆಳ್ಳನೆಯ ತಗಡು. ಒಳಗೆ ಎಣ್ಣೆ ಹೀರೋ ಜಾಲರಿ ಚೇಂಬರಿನ ತಳಕ್ಕೆ ತೀರಾ ಹತ್ತಿರ ಇರುತ್ತೆ. ತಗಡು ಒಳಕ್ಕೆ ನೆಗ್ಗಿದರೆ ಜಾಲರಿಯ ಬಾಯಿ ಮುಚ್ಚಿಕೊಳ್ಳುತ್ತೆ, ಮುಂದೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಎಣ್ಣೆ ಮೇಲೇರಲ್ಲ. ಗೇರ್‌ಬಾಕ್ಸ್ ರಿಪೇರಿಗೆ ಹೋದ ಕಾರಿಗೆ ಎಂಜಿನ್ ರಿಪೇರಿ ಬೋನಸ್.

ಮೂರನೇ ಕೆಲಸ: ಆಕ್ಸಲ್ ಹಿಡಿಯೋದು

ಈ ಮೂರರಲ್ಲಿ ಜನ ಮರೆಯೋದು ಇದನ್ನೇ, ನಷ್ಟ ಜಾಸ್ತಿ ಮಾಡೋದೂ ಇದೇ.

ಮುಂದಿನ ಚಕ್ರದ ಕಾರುಗಳಲ್ಲಿ ಗೇರ್‌ಬಾಕ್ಸಿಂದ ಎರಡೂ ಚಕ್ರಕ್ಕೆ ಒಂದೊಂದು ಆಕ್ಸಲ್ ಹೋಗುತ್ತೆ. ಒಳತುದಿ ಗೇರ್‌ಬಾಕ್ಸಲ್ಲಿ, ಹೊರತುದಿ ಚಕ್ರದ ಹಬ್ಬಲ್ಲಿ. ಹೊರತುದಿಗೆ ಚಕ್ರದ ಮಧ್ಯದಲ್ಲಿ ಒಂದು ದೊಡ್ಡ ನಟ್ ಇರುತ್ತೆ, ಹಬ್ ನಟ್. ಗೇರ್‌ಬಾಕ್ಸ್ ಇಳಿಸುವಾಗ ಒಳತುದಿ ಹೊರಗೆ ಬರಲೇಬೇಕು. ಆಗ ಎರಡು ರೀತಿ ತಪ್ಪಬಹುದು.

ಮೊದಲನೆಯದು, ಆಕ್ಸಲ್ ಪೂರ್ತಿ ತೆಗೆದು ಪಕ್ಕಕ್ಕಿಟ್ಟು, ಬರೀ ಹಬ್ಬಿಗೆ ಚಕ್ರ ಹಾಕಿ ಕಾರನ್ನ ನೆಲಕ್ಕಿಳಿಸಿ ತಳ್ಳೋದು. ನೋಡೋಕೆ ಚಕ್ರ ಸರಿಯಾಗೇ ತಿರುಗುತ್ತೆ. ಆದರೆ ಈ ತರದ ಬಹಳಷ್ಟು ಕಾರುಗಳಲ್ಲಿ ಚಕ್ರದ ಬೇರಿಂಗನ್ನ ಬಿಗಿಯಾಗಿ ಒತ್ತಿ ಹಿಡಿದಿರೋದು ಆಕ್ಸಲ್‌ನ ಹೊರತುದಿ ಮತ್ತು ಆ ಹಬ್ ನಟ್. ಬೇರಿಂಗಿನ ಒಳಬಳೆ ಎರಡು ಭಾಗದ್ದು. ನಟ್ ಬಿಗಿಯಾಗಿದ್ದರೆ ಎರಡೂ ಭಾಗ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ನಟ್ ಇಲ್ಲದಿದ್ದರೆ ಅವು ಸರಿದು, ಗುಂಡುಗಳು ಕೂರಬೇಕಾದ ಹಳ್ಳ ಬಿಟ್ಟು ಅಂಚಿನ ಮೇಲೆ ಕೂರುತ್ತವೆ. ಆ ಸ್ಥಿತಿಯಲ್ಲಿ ಕಾರಿನ ಭಾರ ಹೊತ್ತು ಸ್ವಲ್ಪ ದೂರ ಉರುಳಿದರೂ ಬೇರಿಂಗ್‌ಗೆ ಏಟು ಬೀಳುತ್ತೆ. ದೂರ ಎಳೆದರೆ ಹಬ್ಬೇ ಕಿತ್ತು ಬರಬಹುದು. ಹಬ್ ನಟ್ ಸರಿಯಾದ ಟಾರ್ಕ್‌ಗೆ ಬಿಗಿಯದೆ ಕಾರನ್ನ ಚಕ್ರದ ಮೇಲೆ ನಿಲ್ಲಿಸಬೇಡಿ ಅಂತ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಬರೆದಿರೋದು ಇದಕ್ಕೇ.

ಎರಡನೆಯದು, ಆಕ್ಸಲ್ ಹಬ್ಬಲ್ಲೇ ಬಿಟ್ಟು, ಒಳತುದಿಯನ್ನ ತಂತಿಯಿಂದ ಮೇಲಕ್ಕೆ ಕಟ್ಟೋದು. ಕಾರು ನಿಂತಿರೋವರೆಗೆ ಇದು ಸರಿ, ಕಟ್ಟಲೇಬೇಕು ಕೂಡ. ಇಲ್ಲದಿದ್ದರೆ ಆಕ್ಸಲ್ ಜೋತುಬಿದ್ದು ಜಾಯಿಂಟಿನ ರಬ್ಬರ್ ಬೂಟ್ ಹರಿಯುತ್ತೆ. ಆದರೆ ಕಾರು ಮುಂದಿನ ಚಕ್ರದ ಮೇಲೆ ಉರುಳಿದರೆ? ಚಕ್ರ ತಿರುಗಿದರೆ ಆಕ್ಸಲೂ ತಿರುಗುತ್ತೆ. ಕಟ್ಟಿದ ತಂತಿ ಅದಕ್ಕೆ ಸುತ್ತಿಕೊಂಡು ತುಂಡಾಗುತ್ತೆ. ಆಮೇಲೆ ಬಿಡಿಯಾದ ಕಬ್ಬಿಣದ ದಂಡ ತಿರುಗುತ್ತಾ ಬ್ರೇಕ್ ಹೋಸಿಗೆ, ಸ್ಟೀರಿಂಗ್ ರಾಡಿಗೆ ಹೊಡೆಯುತ್ತೆ.

ಹಾಗಾದರೆ ಸರಿಯಾದ ಕ್ರಮ ಏನು? ಎರಡರಲ್ಲಿ ಒಂದು.

ಅ) ಮುಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸಾಗಿಸೋದು. ಆಗ ಆಕ್ಸಲ್ ಹಬ್ಬಲ್ಲೇ ಇರಲಿ, ನಟ್ ಬಿಗಿ ಇರಲಿ, ಒಳತುದಿಗೆ ಪ್ಲಾಸ್ಟಿಕ್ ಸುತ್ತಿ ಮೇಲಕ್ಕೆ ಕಟ್ಟಿ.

ಆ) ಚಕ್ರ ಉರುಳಲೇಬೇಕು ಅಂದ್ರೆ, ಆಕ್ಸಲ್ ತೆಗೆದು, ಅದರ ಹೊರ ಜಾಯಿಂಟನ್ನ ಮಾತ್ರ ಬಿಚ್ಚಿ ವಾಪಸ್ ಹಬ್ಬಿಗೆ ಹಾಕಿ, ನಟ್ಟನ್ನ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಯೋದು. ಹೊರ ಜಾಯಿಂಟಿನ ಆ ಗಿಡ್ಡ ತುಂಡು ಬೇರಿಂಗನ್ನ ಹಿಡಿದುಕೊಳ್ಳುತ್ತೆ, ತಿರುಗೋಕೆ ಉದ್ದನೆಯ ದಂಡವೂ ಇರಲ್ಲ.

ಹಿಂದಿನ ಚಕ್ರದ ಕಾರಾದರೆ

ಮಾರುತಿ ಓಮ್ನಿ, ಈಕೋ, ಹಳೇ ಅಂಬಾಸಡರ್, ಜೀಪು ಇವುಗಳ ಕಥೆ ಸ್ವಲ್ಪ ಬೇರೆ. ಇಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತೆ, ಗೇರ್‌ಬಾಕ್ಸ್ ಅದರ ಹಿಂದೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಡಿಫರೆನ್ಷಿಯಲ್‌ಗೆ ಹೋಗುತ್ತೆ. ಮುಂದಿನ ಚಕ್ರಕ್ಕೆ ಆಕ್ಸಲ್ ಇಲ್ಲದ ಕಾರಣ ಹಬ್ ಬೇರಿಂಗಿನ ಮೇಲಿನ ಚಿಂತೆ ಇಲ್ಲ. (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಜೀಪಾದರೆ ಮುಂದಕ್ಕೂ ಒಂದು ಶಾಫ್ಟ್ ಇರುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.) ಎಂಜಿನ್ನಿನ ಹಿಂಬದಿ ಭಾರ ಗೇರ್‌ಬಾಕ್ಸಿನ ಮೌಂಟಿಂಗ್ ಮೇಲೆ ಇರೋದರಿಂದ ಅಲ್ಲಿ ಆಸರೆ ಬೇಕೇ ಬೇಕು.

ದೊಡ್ಡ ಅಪಾಯ ಪ್ರೊಪೆಲ್ಲರ್ ಶಾಫ್ಟಿನದು. ಅದರ ಮುಂತುದಿ ಗೇರ್‌ಬಾಕ್ಸಿನೊಳಗೆ ಕೂತಿತ್ತು, ಈಗ ಖಾಲಿ. ಹಗ್ಗದಲ್ಲಿ ಕಟ್ಟಿ "ಇರಲಿ ಬಿಡು" ಅಂತ ಹೊರಟರೆ, ಹಿಂದಿನ ಚಕ್ರದ ಜೊತೆ ಶಾಫ್ಟ್ ತಿರುಗಿ ಹಗ್ಗ ಬಿಚ್ಚಿಕೊಳ್ಳುತ್ತೆ. ಮುಂತುದಿ ರಸ್ತೆಗೆ ಬಿದ್ದು ಒಂದು ಗುಂಡಿಗೆ ಸಿಕ್ಕಿಕೊಂಡರೆ, ಮುಂದಕ್ಕೆ ಹೋಗ್ತಿರೋ ಕಾರಿನ ಹಿಂಭಾಗವನ್ನೇ ಮೇಲಕ್ಕೆ ಎತ್ತಿಬಿಡುತ್ತೆ. ಡಿಫರೆನ್ಷಿಯಲ್ ಹತ್ತಿರದ ನಾಲ್ಕು ಬೋಲ್ಟ್ ಬಿಚ್ಚಿ ಶಾಫ್ಟನ್ನ ಪೂರ್ತಿ ತೆಗೆದು ಡಿಕ್ಕಿಯಲ್ಲಿ ಇಡೋದೊಂದೇ ದಾರಿ. ಬಿಚ್ಚೋ ಮುಂಚೆ ಎರಡೂ ಕಡೆ ಬಣ್ಣದಲ್ಲಿ ಒಂದು ಗುರುತು ಹಾಕಿದರೆ ವಾಪಸ್ ಅದೇ ಜೋಡಿಯಲ್ಲಿ ಕೂರಿಸಬಹುದು, ಬ್ಯಾಲೆನ್ಸ್ ತಪ್ಪಲ್ಲ.

ಜೋತುಬಿದ್ದ ವೈರು, ಕೇಬಲ್ಲು

ಇದು ಇಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯರಿಗೆ. ಸ್ಟಾರ್ಟರ್ ಮೋಟಾರ್ ಸಾಮಾನ್ಯವಾಗಿ ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರೋ ಜಾಗದಲ್ಲೇ ಬೋಲ್ಟ್ ಆಗಿರುತ್ತೆ. ಗೇರ್‌ಬಾಕ್ಸ್ ಇಳಿದ ಮೇಲೆ ಸ್ಟಾರ್ಟರ್ ಒಂಟಿಯಾಗಿ ನೇತಾಡುತ್ತೆ, ಅದಕ್ಕೆ ಬಂದಿರೋ ದಪ್ಪ ಕೇಬಲ್ ನೇರ ಬ್ಯಾಟರಿ ಪಾಸಿಟಿವ್‌ದು, ಮಧ್ಯೆ ಸ್ವಿಚ್ ಇಲ್ಲ. ಅದು ಬಾಡಿಗೆ ತಾಗಿದರೆ ನೇರ ಶಾರ್ಟ್. ಪೆಟ್ರೋಲ್ ಪೈಪ್ ಅಲ್ಲೇ ಹತ್ತಿರ ಇರುತ್ತೆ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ.

"ಎಂಜಿನ್ ಇದೆಯಲ್ಲ, ಸುಮ್ನೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅನ್ನೋ ಆಸೆಯೂ ಬೇಡ. ಎಷ್ಟೋ ಕಾರಲ್ಲಿ ಎಂಜಿನ್ನಿನ ಅರ್ಥ್ ಸ್ಟ್ರಾಪ್ ಗೇರ್‌ಬಾಕ್ಸಿಗೇ ಬೋಲ್ಟ್ ಆಗಿರುತ್ತೆ. ಅದು ಇಲ್ಲದಾಗ ಕರೆಂಟ್ ಆಕ್ಸಿಲರೇಟರ್ ಕೇಬಲ್ ತರದ ಸಣ್ಣ ದಾರಿ ಹುಡುಕಿಕೊಂಡು ಹೋಗಿ ಅದನ್ನ ಸುಟ್ಟುಬಿಡಬಹುದು.

ಉಳಿದಂತೆ ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರ್, ಗೇರ್ ಲಿವರಿಂದ ಬರೋ ರಾಡ್ ಎಲ್ಲವನ್ನೂ ಮೇಲಕ್ಕೆ ಕಟ್ಟಿ. ಫ್ಲೈವೀಲ್ ಮತ್ತು ಕ್ಲಚ್ ಪ್ಲೇಟ್ ಈಗ ಬಯಲಿಗೆ ಬಿದ್ದಿವೆ. ಮಳೆನೀರು, ಧೂಳು ಹೋಗದ ಹಾಗೆ ದಪ್ಪ ಪ್ಲಾಸ್ಟಿಕ್ ಕಟ್ಟಿ.

ಹಗ್ಗವಾ, ಕ್ರೇನಾ, ಫ್ಲಾಟ್‌ಬೆಡ್ಡಾ?

ಈಗ ಕಾರು ಸಿದ್ಧ. ಹೇಗೆ ಒಯ್ಯೋದು?

ಹಗ್ಗದ ಬಗ್ಗೆ ಮೊದಲು ಕಾನೂನು ಏನು ಹೇಳ್ತಿತ್ತು ನೋಡೋಣ. 1989ರ ರಸ್ತೆ ನಿಯಮಾವಳಿಯಲ್ಲಿ (ಇದರ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿದೆ) ಕೆಟ್ಟ ವಾಹನವನ್ನ ಎಳೆಯುವಾಗ ಎರಡೂ ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು ಅಂತಿತ್ತು. ಎಳೆಸಿಕೊಳ್ಳೋ ಕಾರಲ್ಲಿ ಲೈಸೆನ್ಸ್ ಇರೋ ಚಾಲಕ ಕೂತಿರಬೇಕು, ಇಲ್ಲವೇ ಅದರ ಸ್ಟೀರಿಂಗ್ ಚಕ್ರಗಳನ್ನ ಕ್ರೇನ್ ಅಥವಾ ಬೇರೆ ಸಾಧನದಿಂದ ನೆಲದಿಂದ ಭದ್ರವಾಗಿ ಎತ್ತಿರಬೇಕು. ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು. ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕನಿಷ್ಠ 75 ಮಿ.ಮೀ. ಎತ್ತರದ ಕಪ್ಪು ಅಕ್ಷರದಲ್ಲಿ 'ಆನ್ ಟೋ' ಅಂತ ಬರೆದಿರಬೇಕು.

ಈಗ ಆ 5 ಮೀಟರಲ್ಲಿ ನಾವು ನಿಲ್ಲಿಸಬಹುದಾ ಅಂತ ಲೆಕ್ಕ ಹಾಕೋಣ. ವೇಗ ಗಂಟೆಗೆ 20 ಕಿ.ಮೀ., ಅಂದ್ರೆ ಸೆಕೆಂಡಿಗೆ 5.6 ಮೀಟರ್. ಮುಂದಿನ ಗಾಡಿಗೆ ಆಟೋ ಅಡ್ಡ ಬಂತು, 4 ಮೀ/ಸೆ² ದರದಲ್ಲಿ ಬ್ರೇಕ್ ಹಾಕಿದರು. ಅವರು ನಿಲ್ಲೋಕೆ ಬೇಕಾದ ದೂರ 3.9 ಮೀಟರ್. ಹಿಂದಿನ ಕಾರಲ್ಲಿ ಕೂತವರು ಪ್ರತಿಕ್ರಿಯಿಸೋಕೆ 1 ಸೆಕೆಂಡ್, ಅಷ್ಟರಲ್ಲಿ 5.6 ಮೀಟರ್ ಹೋಯ್ತು. ಎಂಜಿನ್ ಆಫ್ ಇರೋದರಿಂದ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಇಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ. ಹಾಗಾಗಿ ಅವರ ಬ್ರೇಕ್ 2 ಮೀ/ಸೆ² ಅಂದುಕೊಂಡರೆ ಇನ್ನೂ 7.8 ಮೀಟರ್. ಒಟ್ಟು 13.4. ವ್ಯತ್ಯಾಸ 9.5 ಮೀಟರ್, ನಮ್ಮ ಹತ್ತಿರ ಇರೋದು 5. ಅಂದ್ರೆ ಡಿಕ್ಕಿ ಖಾತ್ರಿ. ಗಂಟೆಗೆ 20 ಕಿ.ಮೀ. ವೇಗದಲ್ಲೇ ಹೀಗೆ. ಇದರ ಮೇಲೆ ತಿರುಗೋ ಆಕ್ಸಲ್, ಕುಣಿಯೋ ಎಂಜಿನ್. ಹಗ್ಗದ ಯೋಚನೆಯನ್ನ ಇಲ್ಲಿಗೇ ಬಿಡೋಣ.

ಮುಂದಿನ ಚಕ್ರ ಎತ್ತಿ ಒಯ್ಯೋ ಟೋಯಿಂಗ್ ಗಾಡಿ ಪರವಾಗಿಲ್ಲ. ಮುಂದಿನ ಚಕ್ರ ತಿರುಗಲ್ಲ, ಆಕ್ಸಲ್ ಸುಮ್ಮನಿರುತ್ತೆ. ಹಿಂದಿನ ಚಕ್ರ ಉರುಳೋದರಿಂದ ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಎತ್ತೋ ಸಾಧನ ಚಕ್ರವನ್ನ ಹಿಡಿಯೋ ತರದ್ದಾಗಿರಲಿ. ಬಂಪರ್ ಕೆಳಗೆ ಕೊಕ್ಕೆ ಹಾಕಿ ಎತ್ತೋದಾದರೆ ಬೇಡ ಅನ್ನಿ, ಗೇರ್‌ಬಾಕ್ಸ್ ಇಲ್ಲದ ಖಾಲಿ ಜಾಗಕ್ಕೆ ಕೊಕ್ಕೆ ನುಗ್ಗಿ ಆಕ್ಸಲ್ಲನ್ನೋ ಪೈಪನ್ನೋ ಹಿಡಿದುಬಿಡುತ್ತೆ.

ಎಲ್ಲಕ್ಕಿಂತ ಒಳ್ಳೇದು ಫ್ಲಾಟ್‌ಬೆಡ್. ನಾಲ್ಕೂ ಚಕ್ರ ಹಲಗೆ ಮೇಲೆ, ಏನೂ ತಿರುಗಲ್ಲ. ದುಡ್ಡು ಉಳಿಸೋಕೆ ಚೋಟಾ ಹಾಥಿಯಲ್ಲಿ ಒಯ್ಯೋಣ ಅಂತ ಒಬ್ಬರು ಹೇಳೇ ಹೇಳ್ತಾರೆ. ಮಾರುತಿ 800 ಉದ್ದ 3,335 ಮಿ.ಮೀ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೇ 2,175 ಮಿ.ಮೀ. ಟಾಟಾ ಏಸ್‌ನ ಹಿಂಭಾಗದ ಹಲಗೆ ಸುಮಾರು 7 ಅಡಿ, ಅಂದ್ರೆ ಸುಮಾರು 2,130 ಮಿ.ಮೀ. ಚಕ್ರ ಕೂರೋಕೇ ಜಾಗ ಇಲ್ಲ.

ಹತ್ತಿಸೋದು, ಕಟ್ಟೋದು

407 ಲಾರಿಗೆ ಹಲಗೆ ಹಾಕಿ ನಾಲ್ಕು ಜನ ತಳ್ಳಿ ಹತ್ತಿಸೋದನ್ನ ನೋಡಿರ್ತೀರ. 3 ಮೀಟರ್ ಹಲಗೆ, 0.9 ಮೀಟರ್ ಎತ್ತರ ಅಂದ್ರೆ ಬೇಕಾದ ಬಲ 600 × 10 × 0.3 = 1,800 ನ್ಯೂಟನ್, ಅಂದ್ರೆ ಸುಮಾರು 180 ಕೆ.ಜಿ. ತೂಕದಷ್ಟು. ಒಬ್ಬೊಬ್ಬರಿಗೆ 45 ಕೆ.ಜಿ. ತಳ್ಳಬಹುದು. ಆದರೆ ಮಧ್ಯದಲ್ಲಿ ಒಬ್ಬರ ಕಾಲು ಜಾರಿದರೆ ಕಾರನ್ನ ಹಿಡಿಯೋಕೆ ಗೇರ್ ಇಲ್ಲ, ಹಿಂದೆ ನಾಲ್ಕು ಜನ ಇದ್ದಾರೆ. ಹಾಗಾಗಿ ವಿಂಚ್ ಇರೋ ಫ್ಲಾಟ್‌ಬೆಡ್ಡೇ ಕರೆಸಿ. ವಿಂಚ್ ಎಳೆಯುವಾಗ ಕಾರಿನ ಹಿಂದೆಯಾಗಲಿ, ಕೇಬಲ್ ನೇರಕ್ಕಾಗಲಿ ಯಾರೂ ನಿಲ್ಲಬಾರದು. ಒಬ್ಬರು ಪಕ್ಕದಲ್ಲಿ ಮರದ ಬೆಣೆ ಹಿಡಿದು ಚಕ್ರದ ಹಿಂದೆ ಸರಿಸುತ್ತಾ ಬರಲಿ. ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ತೆಗೆದಿರಬೇಕು. ಬ್ಯಾಟರಿ ಬಿಚ್ಚಿದ್ದರೂ ಕೀ ಇಂದ ತೆಗೆಯೋ ಲಾಕ್ ತೆಗೆಯಬಹುದು. ಆಕ್ಸಲ್ ಒಳತುದಿ ಕಟ್ಟಿದ್ದರೆ ಈ ಕೆಲವೇ ಮೀಟರಿಗೂ ಮುಂದಿನ ಚಕ್ರದ ಕೆಳಗೆ ಸಣ್ಣ ಗಾಲಿಯ ಟ್ರಾಲಿ ಇಡಿಸಿ. ಅದು ಸಿಗದಿದ್ದರೆ ಮೇಲೆ ಹೇಳಿದ 'ಆ' ಕ್ರಮ ಮಾಡಿಕೊಂಡೇ ಹತ್ತಿಸಿ.

ಹತ್ತಿದ ಮೇಲೆ ಕಟ್ಟೋದು. ಬಿಡದಿ ಕಡೆಯಿಂದ ಮೈಸೂರು ರಸ್ತೆಯಲ್ಲಿ ಹೊಸ ಕಾರು ತುಂಬಿಕೊಂಡು ಬರೋ ಕ್ಯಾರಿಯರ್ ಲಾರಿಗಳನ್ನ ಸಿಗ್ನಲ್ಲಲ್ಲಿ ಗಮನಿಸಿ. ಬೆಲ್ಟ್ ಹಾಕೋದು ಚಕ್ರಕ್ಕೆ, ಬಾಡಿಗಲ್ಲ. ಯಾಕಂದ್ರೆ ಬಾಡಿಗೆ ಕಟ್ಟಿದರೆ ಹಂಪಲ್ಲಿ ಸಸ್ಪೆನ್ಷನ್ ಕುಗ್ಗಿದಾಗ ಬೆಲ್ಟ್ ಸಡಿಲ ಆಗುತ್ತೆ, ಕೊಕ್ಕೆ ಕಳಚಿಕೊಳ್ಳುತ್ತೆ.

ಎಷ್ಟು ಗಟ್ಟಿ ಬೆಲ್ಟ್ ಬೇಕು? ಲಾರಿ ಜೋರಾಗಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ತನ್ನ ತೂಕದ 0.8 ಪಟ್ಟು ಬಲದಲ್ಲಿ ನುಗ್ಗುತ್ತೆ, ತಿರುವಿನಲ್ಲಿ ಪಕ್ಕಕ್ಕೆ 0.5 ಪಟ್ಟು ಅಂತ ಯುರೋಪಿನ ಸರಕು ಕಟ್ಟೋ ನಿಯಮ ಲೆಕ್ಕ ಹಾಕುತ್ತೆ. ನಮ್ಮ ಕಾರಿಗೆ ಮುಂದಕ್ಕೆ 4,800 ನ್ಯೂಟನ್. ಹಿಂದಕ್ಕೆ ಎಳೆದಿರೋ ಎರಡು ಬೆಲ್ಟ್ 45 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೆ 4,800 ÷ (2 × 0.7), ಸುಮಾರು 3,430 ನ್ಯೂಟನ್, ಅಂದ್ರೆ 340 ಕೆ.ಜಿ.ಗೂ ಹೆಚ್ಚು. ಬೆಲ್ಟಿನ ಲೇಬಲ್ ಮೇಲೆ ಎಷ್ಟು ಭಾರ ತಡೆಯುತ್ತೆ ಅಂತ ಬರೆದಿರುತ್ತೆ, ಓದಿ. ಲೇಬಲ್ ಹರಿದಿದ್ದರೆ, ಅಂಚು ನೂಲು ಬಿಟ್ಟಿದ್ದರೆ ಬೇರೆ ಕೇಳಿ. ನಾಲ್ಕು ಚಕ್ರಕ್ಕೂ ನಾಲ್ಕು ಬೆಲ್ಟ್, ಜೊತೆಗೆ ಬೆಣೆ, ಹ್ಯಾಂಡ್ ಬ್ರೇಕ್. ಎರಡು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಲಾರಿ ಮೇಲಿನ ಕಾರೊಳಗೆ ಯಾರೂ ಕೂರಬಾರದು, ರೀಲ್ಸ್ ಮಾಡೋಕೂ.

ಇಳಿಸಿದ ಗೇರ್‌ಬಾಕ್ಸ್ ಎಲ್ಲಿ?

ಅದನ್ನ ಹಿಂದಿನ ಸೀಟಿನ ಮೇಲೆ ಎಸೆಯಬೇಡಿ. ಆಕ್ಸಲ್ ತೆಗೆದ ತೂತುಗಳಿಂದ ಎಣ್ಣೆ ಸೋರುತ್ತೆ. ಮೊದಲೇ ಎಣ್ಣೆ ಬಸಿದು, ತೂತುಗಳಿಗೆ ಬಟ್ಟೆ ಅಲ್ಲ, ಸರಿಯಾದ ಅಳತೆಯ ಪ್ಲಗ್ ಹಾಕಿ. ರಸ್ತೆಗೆ ಬಿದ್ದ ಎಣ್ಣೆ ಹಿಂದೆ ಬರೋ ಬೈಕಿನವರನ್ನ ಬೀಳಿಸುತ್ತೆ. ಒಂದು ಹಳೇ ಟೈರ್ ಮಲಗಿಸಿ ಅದರೊಳಗೆ ಗೇರ್‌ಬಾಕ್ಸ್ ಕೂರಿಸಿ, ಹೊರಗೆ ಚಾಚಿರೋ ಇನ್‌ಪುಟ್ ಶಾಫ್ಟ್ ಮೇಲೆ ಭಾರ ಬೀಳದ ಹಾಗೆ ಕಟ್ಟಿ. ಬೋಲ್ಟುಗಳನ್ನ ಯಾವುದು ಎಲ್ಲಿಯದು ಅಂತ ಕನ್ನಡದಲ್ಲೋ ಇಂಗ್ಲಿಷಲ್ಲೋ ಬರೆದ ಕವರಿಗೆ ಹಾಕಿ.

ಕೊನೆಗೆ ಒಂದು ಅಭ್ಯಾಸ

ಮೂಡಲಪಾಳ್ಯದ ಒಂದು ಗ್ಯಾರೇಜಿಂದ ಕೆಂಗೇರಿ ಕಡೆಯ ಕಾಲೇಜ್ ವರ್ಕ್‌ಶಾಪಿಗೆ ಗೇರ್‌ಬಾಕ್ಸ್ ಇಲ್ಲದ ಮಾರುತಿ 800 ತರಬೇಕು. ರಿಂಗ್ ರೋಡ್, ನಾಯಂಡಹಳ್ಳಿ, ಮೈಸೂರು ರಸ್ತೆ, ಸುಮಾರು 10 ಕಿ.ಮೀ. ಹೊರಡೋ ಮುಂಚೆ ಈ ಪ್ರಶ್ನೆಗಳನ್ನ ಜೋರಾಗಿ ಓದಿ. ಪ್ರತಿಯೊಂದಕ್ಕೂ ಟೀಮಿನ ಒಬ್ಬರು ಕೈಯಿಂದ ಮುಟ್ಟಿ ನೋಡಿ ಉತ್ತರ ಕೊಡಲಿ.

1. ಈಗ ಕಾರನ್ನ ಉರುಳದಂತೆ ಹಿಡಿದಿರೋದು ಏನು? ಅದು ಜಾರಿದರೆ ಎರಡನೆಯದು ಏನು?
2. ಎಂಜಿನ್ನಿನ ಗೇರ್‌ಬಾಕ್ಸ್ ಬದಿಯನ್ನ ಹೊತ್ತಿರೋದು ಏನು? ಜಾಕಿ ತೆಗೆದ ಮೇಲೂ ಅದು ಇರುತ್ತಾ?
3. ಎರಡೂ ಹಬ್ ನಟ್ ಬಿಗಿ ಇವೆಯಾ? ಆಕ್ಸಲ್ ಒಳತುದಿ ಎಲ್ಲಿದೆ? ಚಕ್ರ ತಿರುಗಿದರೆ ಅದಕ್ಕೇನಾಗುತ್ತೆ?
4. ಬ್ಯಾಟರಿ ಬಿಚ್ಚಿದೀವಾ? ಕೆಳಗೆ ಏನಾದರೂ ಜೋತುಬಿದ್ದಿದೆಯಾ?
5. ನಾಲ್ಕು ಚಕ್ರಕ್ಕೂ ಬೆಲ್ಟ್ ಇದೆಯಾ? ಲೇಬಲ್ ಓದಿದ್ದು ಯಾರು?
6. ಆರ್‌ಸಿ, ಓನರ್ ಒಪ್ಪಿಗೆ ಪತ್ರ ಜೊತೆಗಿದೆಯಾ?
7. ಇಳಿಸೋ ಜಾಗ ಸಮತಟ್ಟಾಗಿದೆಯಾ? ಅಲ್ಲಿ ಬೆಣೆ ಇಟ್ಟುಕೊಂಡು ಕಾಯ್ತಿರೋದು ಯಾರು?

ಏಳನೇ ಪ್ರಶ್ನೆಯನ್ನ ಬಿಡಬೇಡಿ. ಲಾರಿಯಿಂದ ಇಳಿಯುವಾಗ ಎಲ್ಲರೂ ಸುಸ್ತಾಗಿರ್ತಾರೆ, ಕೆಲಸ ಮುಗೀತು ಅನ್ನೋ ಖುಷಿಯಲ್ಲಿ ಫೋಟೋ ತೆಗೀತಿರ್ತಾರೆ. ಹಿಡಿಯೋಕೆ ಗೇರ್ ಇಲ್ಲದ ಕಾರು ಇಳಿಜಾರಿನ ಹಲಗೆ ಮೇಲಿರೋದು ಆಗಲೇ.

ಇಷ್ಟೆಲ್ಲಕ್ಕೆ ಬೇಕಾಗೋದು ಒಂದು ಚೈನು, ಒಂದು ಪೈಪು, ನಾಲ್ಕು ಬೆಣೆ, ಒಂದು ಟಾರ್ಕ್ ರೆಂಚು, ಮತ್ತೆ ಫ್ಲಾಟ್‌ಬೆಡ್ ಬಾಡಿಗೆ. ಬಾಡಿಗೆಯನ್ನ ಟೀಮಿನವರೆಲ್ಲ ಹಂಚಿಕೊಂಡರೆ ಒಬ್ಬೊಬ್ಬರಿಗೆ ಅಷ್ಟೇನೂ ಬೀಳಲ್ಲ. ಪ್ರಾಜೆಕ್ಟಿನ ಬಜೆಟ್ ಬರೆಯುವಾಗ ಮೋಟಾರು, ಬ್ಯಾಟರಿ, ಕಂಟ್ರೋಲರ್ ಜೊತೆ 'ಸಾಗಣೆ' ಅಂತ ಒಂದು ಸಾಲು ಈಗಲೇ ಸೇರಿಸಿಬಿಡಿ.